ವಾಯು ಎದೆಗೇರಿತು

೨೦೨೫ರ ಜುಲೈ ತಿಂಗಳ ಮೊದಲ ವಾರ. ಏನೋ ಕೆಲಸದ ಮೇಲೆ ತಿಪಟೂರಿಗೆ ಹೋಗಿದ್ದವಳು ಚಿಕ್ಕನಾಯಕನಹಳ್ಳಿಯ ಬಸ್ಸಿಗಾಗಿ ಕಾಯುತ್ತ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು. ಮಾತೆಲ್ಲ ಹಾಸನದ್ದೇ. ಮೇ ತಿಂಗಳ ಕೊನೆಯಿಂದ ನಲವತ್ತು ದಿನಗಳಲ್ಲಿ ಆ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ದಿನವೂ ಟೀವಿಯಲ್ಲಿ ಬರುತ್ತಿತ್ತು. ತಿಪಟೂರಿನವರಿಗೆ ಹಾಸನ ಪರವೂರೇನಲ್ಲ. ಮಗ್ಗುಲಲ್ಲೇ ಇರುವ ಅರಸೀಕೆರೆ ಹಾಸನ ಜಿಲ್ಲೆಗೇ ಸೇರಿದ್ದು. ಅಲ್ಲಿ ಹೆಣ್ಣು ಕೊಟ್ಟವರು, ಅಲ್ಲಿಂದ ಹೆಣ್ಣು ತಂದವರು ನಮ್ಮಲ್ಲಿ ಎಷ್ಟು ಮಂದಿಯೋ. "ಮೈಸೂರು ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ್ಲೇ ಸಾಲು ನಿಂತವ್ರಂತೆ ಕಣಕ್ಕ" ಎಂದಳು ಒಬ್ಬಳು. ಇನ್ನೊಬ್ಬಳು ನಿಟ್ಟುಸಿರು ಬಿಟ್ಟು, "ನಂಗೂ ಮೂರು ದಿನದಿಂದ ಎದೆ ಹಿಡ್ಕೊಂಡಂಗೇ ಐತೆ. ಗ್ಯಾಸ್ಟ್ರಿಕ್ಕು, ಬಿಡು" ಎಂದು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು.

ಬೇರೆಯವರ ಸಾವಿಗೆ ಅಷ್ಟು ಹೆದರಿದ ಹೆಂಗಸು ತನ್ನ ಎದೆಯ ನೋವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದಳು. ನಾನು ತಿರುಗಿ, "ನಡೆದಾಗ ಜಾಸ್ತಿ ಆಗುತ್ತೇನಮ್ಮ?" ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಡಾಕ್ಟ್ರಾ?" "ಅಲ್ಲ, ಟೀಚರು." ಅಷ್ಟರಲ್ಲಿ ಅವರ ಬಸ್ಸು ಬಂತು. ಅವಳು ಏನಾದಳೋ ತಿಳಿಯದು. ಆದರೆ ಆ ಸಂಜೆಯೆಲ್ಲ ನನಗೆ ನಮ್ಮ ಅವ್ವ ನೆನಪಾಗುತ್ತಿದ್ದಳು.

ಅವ್ವ ತೀರಿಕೊಂಡದ್ದು ೧೯೮೭ರ ಜನವರಿಯಲ್ಲಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ನಾನು ಆಗ ಪಿಯುಸಿ ಓದುತ್ತಿದ್ದೆ. ಅವ್ವನ ವಯಸ್ಸು ಯಾರೂ ಬರೆದಿಟ್ಟಿರಲಿಲ್ಲ, ಐವತ್ತರ ಆಸುಪಾಸು ಇರಬಹುದು. ತೆಂಗಿನ ಸೀಮೆಯ ಮನೆಗಳಲ್ಲಿ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟು, ಒಳಗೆ ನೀರೆಲ್ಲ ಇಂಗಿ ಕೊಬ್ಬರಿ ಗಿಟಕಾದ ಮೇಲೆ ಇಳಿಸಿ ಸುಲಿಸುತ್ತಾರೆ. ಗಂಡಾಳುಗಳಿದ್ದರೂ ಅಟ್ಟದ ಲೆಕ್ಕ ಅವ್ವನದೇ. ದಿನಕ್ಕೆ ಎಷ್ಟು ಸಲ ಆ ಏಣಿ ಹತ್ತಿ ಇಳಿಯುತ್ತಿದ್ದಳೋ! ಆ ಚಳಿಗಾಲದಲ್ಲಿ ಅವಳಿಗೆ ಹಲ್ಲುನೋವು ಶುರುವಾಗಿತ್ತು. ಹಲ್ಲುನೋವೆಂದು ಅವಳು ಹೇಳುತ್ತಿದ್ದಳು, ನಾವೂ ನಂಬಿದ್ದೆವು. ಎಡದವಡೆ ಸೆಳೆಯುತ್ತದೆ ಎಂದು ಲವಂಗ ಒತ್ತಿಟ್ಟುಕೊಳ್ಳುತ್ತಿದ್ದಳು. ವಿಚಿತ್ರವೆಂದರೆ ಆ ಹಲ್ಲು ನೋಯುತ್ತಿದ್ದದ್ದು ಏಣಿ ಹತ್ತುವಾಗ ಮಾತ್ರ. ಮೇಲೆ ಹೋಗಿ ಎರಡು ನಿಮಿಷ ಕುಳಿತರೆ ನಿಂತುಹೋಗುತ್ತಿತ್ತು. ಊಟಮಾಡಿದ ಕೂಡಲೇ ಹತ್ತಿದರೆ ಇನ್ನೂ ಹೆಚ್ಚು. ಕುಳಿತರೆ ಹೋಗುವ ಹಲ್ಲುನೋವು ಎಲ್ಲಾದರೂ ಉಂಟೇ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅದು ಅವರೆಕಾಳಿನ ಕಾಲ. ರಾತ್ರಿ ಹಿತಕಿದ ಅವರೆಬೇಳೆಯ ಸಾರು, ಮುದ್ದೆ. ಮಲಗಿದ ಸ್ವಲ್ಪ ಹೊತ್ತಿಗೆ ಅವ್ವ ಎದ್ದು ಕುಳಿತಳು. ಎದೆಯ ಮೇಲೆ ಚಪ್ಪಡಿ ಇಟ್ಟಂತಾಗುತ್ತಿದೆ ಎಂದಳು. ಒಂದು ಸಲ ವಾಂತಿಯಾಯಿತು. ಆ ಚಳಿಯಲ್ಲೂ ರವಿಕೆ ನೆನೆದುಹೋಗಿತ್ತು. ಅಪ್ಪ ಕೊಬ್ಬರಿ ಗಾಡಿಯ ಜೊತೆ ತಿಪಟೂರಿನ ಮಂಡಿಗೆ ಹೋಗಿದ್ದರು. ದೊಡ್ಡಮ್ಮ ಬಂದು ನೋಡಿ, "ಅವರೆಕಾಳು ಕಣೇ, ವಾಯು ಆಗೈತೆ" ಎಂದರು. ಓಮ ಜಗಿಸಿದೆವು. ಅಂಗಡಿಯವರನ್ನು ಎಬ್ಬಿಸಿ ಗೋಲಿ ಸೋಡಾ ತಂದವಳು ನಾನೇ. ಸೋಡಾ ಕುಡಿದು ಒಂದು ದೊಡ್ಡ ತೇಗು ಬಂದಾಗ ದೊಡ್ಡಮ್ಮ "ನೋಡ್ದಾ!" ಎಂದು ನಕ್ಕರು, ನನಗೂ ಹೋದ ಜೀವ ಬಂದಂತಾಯಿತು. ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಶಾಖ ಕೊಟ್ಟೆವು. ಬೆಳಗಿನ ಹೊತ್ತಿಗೆ ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗಾಡಿ ಕಟ್ಟುವ ಮಾತಾಡುತ್ತಿರುವಾಗಲೇ ಹೊರಟುಹೋದಳು.

ಬಂದವರಿಗೆಲ್ಲ ದೊಡ್ಡಮ್ಮ ಹೇಳಿದ್ದು ಒಂದೇ ಮಾತು: "ವಾಯು ಎದೆಗೇರಿತು." ಎಷ್ಟೋ ವರ್ಷ ನಾನೂ ಅದನ್ನೇ ಹೇಳಿಕೊಂಡು ಬಂದೆ. ಆಮೇಲೊಮ್ಮೆ ನಮ್ಮ ಶಾಲೆಯಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ವೈದ್ಯರೊಬ್ಬರು ಮಕ್ಕಳ ತಾಯಂದಿರಿಗೆ ಹೃದಯಾಘಾತದ ಲಕ್ಷಣ ವಿವರಿಸುತ್ತಿದ್ದರು. ಶ್ರಮಪಟ್ಟಾಗ ಬಂದು ವಿಶ್ರಾಂತಿಯಿಂದ ಹೋಗುವ ನೋವು, ಕೆಲವರಿಗೆ ಎದೆಯಲ್ಲಲ್ಲದೆ ದವಡೆಯಲ್ಲಿ ಎಂದರು. ನಾನು ಹಿಂದಿನ ಬೆಂಚಿನಲ್ಲಿ ಹಾಜರಿ ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟೆ.

ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಸಮಾಜ ವಿಜ್ಞಾನ. ವೈದ್ಯಶಾಸ್ತ್ರ ನನ್ನ ಹಾದಿಯಲ್ಲ. ಆದರೆ ಇತಿಹಾಸದವರಿಗೆ ಒಂದು ಚಟ: ಯಾವುದನ್ನಾದರೂ ಅರಿಯಬೇಕಾದರೆ ಅದು ಯಾವಾಗ, ಯಾರಿಗೆ ಮೊದಲು ತಿಳಿಯಿತು ಎಂದು ಹುಡುಕಲು ಹೋಗುತ್ತೇವೆ. ಅವ್ವನ ಏಣಿಯ ನೋವು ಲೋಕಕ್ಕೆ ಯಾವಾಗ ತಿಳಿದಿತ್ತು ಎಂದು ನಾನೂ ಹುಡುಕಿದೆ.

ಎದೆನೋವು ಮನುಷ್ಯನಷ್ಟೇ ಹಳೆಯದು. ಚರಕನು ಐದು ಬಗೆಯ ಹೃದ್ರೋಗ ಹೇಳಿದ್ದಾನೆ, ಸುಶ್ರುತನಲ್ಲಿ ಹೃಚ್ಛೂಲವೆಂಬ ಹೆಸರೇ ಇದೆ. ಆದರೆ ಅವ್ವನ ನೋವನ್ನು ಪಕ್ಕದಲ್ಲಿ ಕುಳಿತು ನೋಡಿ ಬರೆದಂತೆ ಬರೆದವನು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್. ೧೭೬೮ರ ಜುಲೈಯಲ್ಲಿ ಅಲ್ಲಿನ ವೈದ್ಯರ ಸಭೆಯಲ್ಲಿ ಅವನು ಈ ಕಾಯಿಲೆಯ ವರ್ಣನೆಯನ್ನು ಓದಿದ, ೧೭೭೨ರಲ್ಲಿ ಅದು ಅಚ್ಚಾಯಿತು. ನಡೆಯುವಾಗ, ಅದರಲ್ಲೂ ದಿಣ್ಣೆ ಹತ್ತುವಾಗ, ಊಟವಾದ ಮೇಲೆ ನಡೆದರೆ ಇನ್ನೂ ಬೇಗ, ಎದೆಯಲ್ಲಿ ಉಸಿರುಕಟ್ಟಿಸುವ ನೋವು, ನಿಂತರೆ ಮಾಯ. ಇದಕ್ಕೆ ಅವನಿಟ್ಟ ಹೆಸರೇ ಇಂದು ನಾವು ಕೇಳುವ ಆಂಜೈನಾ. ಅವನ ಕಾಲದಲ್ಲಿ ನಮ್ಮಲ್ಲಿ ಹೈದರಾಲಿ ಆಳುತ್ತಿದ್ದ. ಅಂದರೆ ಅವ್ವ ಏಣಿ ಹತ್ತುವುದಕ್ಕೆ ಇನ್ನೂರು ವರ್ಷ ಮೊದಲೇ ಅವಳ ಹಲ್ಲುನೋವು ಪುಸ್ತಕದಲ್ಲಿತ್ತು.

ಹೆಬರ್ಡನ್ ಮುಂದೆ ತನ್ನ ಜೀವಮಾನದ ಅನುಭವವನ್ನೆಲ್ಲ ಬರೆದಿಟ್ಟ. ಅವನು ಸತ್ತ ಮರುವರ್ಷ, ೧೮೦೨ರಲ್ಲಿ, ಅದು ಪ್ರಕಟವಾಯಿತು. ಈ ಕಾಯಿಲೆಯ ಸುಮಾರು ನೂರು ರೋಗಿಗಳನ್ನು ತಾನು ಕಂಡೆನೆಂದೂ, ಅವರಲ್ಲಿ ಹೆಂಗಸರು ಮೂವರೇ ಎಂದೂ ಅದರಲ್ಲಿದೆ. ಒಬ್ಬ ಹನ್ನೆರಡು ವರ್ಷದ ಹುಡುಗ. ಮಿಕ್ಕವರೆಲ್ಲ ಐವತ್ತರ ಹತ್ತಿರದ ಅಥವಾ ಐವತ್ತು ದಾಟಿದ ಗಂಡಸರು. ಅವನು ಕಂಡದ್ದನ್ನು ಕಂಡ ಹಾಗೆ ಬರೆದ, ತಪ್ಪೇನಿಲ್ಲ. ಆದರೆ ಲಂಡನ್ನಿನಲ್ಲಿ ದುಡ್ಡುಕೊಟ್ಟು ದೊಡ್ಡ ವೈದ್ಯರ ಬಳಿ ಹೋಗುತ್ತಿದ್ದವರು ಯಾರು? ಮನೆಯಲ್ಲೇ ಕಷಾಯ ಕುಡಿದು ಮಲಗಿದವರು ಅವನ ಲೆಕ್ಕಕ್ಕೆ ಸಿಗಲು ಸಾಧ್ಯವೇ? ಎದೆನೋವು ಗಂಡಸರ ಕಾಯಿಲೆ ಎಂಬ ಮಾತಿಗೆ ಆಗ ಬಿದ್ದ ತಳಪಾಯ ಇನ್ನೂರು ವರ್ಷ ಅಲುಗಲಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿ ಇಟ್ಟು ನೋಡಿದರೆ ನನಗೆ ನಗು ಬರುತ್ತದೆ. ವೈದ್ಯರ ಕೊರಳಿನಲ್ಲಿ ತೂಗುವ ಸ್ಟೆತಾಸ್ಕೋಪು ಹುಟ್ಟಿದ್ದು ಒಬ್ಬ ಹೆಣ್ಣುಮಗಳ ಎದೆಯ ದೆಸೆಯಿಂದ. ೧೮೧೬ರಲ್ಲಿ ಪ್ಯಾರಿಸ್ಸಿನಲ್ಲಿ ಲಾನೆಕ್ ಎಂಬ ವೈದ್ಯನ ಬಳಿ ಹೃದ್ರೋಗದ ಲಕ್ಷಣಗಳಿದ್ದ ಒಬ್ಬ ಯುವತಿ ಬಂದಳು. ಆಗಿನ ಪದ್ಧತಿಯಂತೆ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳಲು ಅವನಿಗೆ ಸಂಕೋಚ. ಕಾಗದವನ್ನು ಸುರುಳಿ ಸುತ್ತಿ ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟ. ಕಿವಿಯಿಟ್ಟು ಕೇಳುವುದಕ್ಕಿಂತ ಸ್ಪಷ್ಟವಾಗಿ ಕೇಳಿಸಿತು. ಹೀಗೆ ಹೆಣ್ಣಿನ ಎದೆಯಿಂದ ದೂರ ಸರಿಯಲು ಮಾಡಿಕೊಂಡ ಉಪಾಯವೇ ಎಲ್ಲರ ಎದೆಯನ್ನೂ ಕೇಳುವ ಸಾಧನವಾಯಿತು.

ನಾಲಿಗೆಯ ಕೆಳಗಿಡುವ ಮಾತ್ರೆಯ ಕಥೆಯೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಂಡೆ ಸಿಡಿಸುವ ನೈಟ್ರೋಗ್ಲಿಸರಿನ್ ಎದೆಬಿಗಿತವನ್ನೂ ಸಡಿಲಿಸುತ್ತದೆಂದು ೧೮೭೯ರಲ್ಲಿ ಲಂಡನ್ನಿನ ಮರ್ರೆಲ್ ಎಂಬಾತ ಬರೆದ. ಅದೇ ಪದಾರ್ಥದಿಂದ ಡೈನಮೈಟ್ ಮಾಡಿ ಶ್ರೀಮಂತನಾದ ನೊಬೆಲ್‌ಗೆ ಕೊನೆಗಾಲದಲ್ಲಿ ಎದೆನೋವು ಬಂದು, ವೈದ್ಯರು ಅದನ್ನೇ ಬರೆದುಕೊಟ್ಟರಂತೆ. ಈಗ ನಮ್ಮ ಮನೆಗಳಲ್ಲಿ ಮಾವನವರ ಡಬ್ಬಿಯಲ್ಲಿರುವುದು ಇದರ ಬಳಗದ ಮಾತ್ರೆಯೇ. ಅದನ್ನು ನೆರೆಮನೆಯವರಿಗೆ ಸಾಲ ಕೊಡುವ ಅಭ್ಯಾಸ ಕೆಲವರಿಗಿದೆ, ಬೇಡ. ರಕ್ತದೊತ್ತಡ ಧಿಡೀರನೆ ಇಳಿದು ಮನುಷ್ಯ ಕುಸಿದುಬೀಳಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ೧೯೧೨ರ ಒಂದು ಪ್ರಕರಣ. ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ತಕ್ಷಣವೇ ಸಾವು, ಮಾಡುವುದಕ್ಕೇನೂ ಇಲ್ಲ ಎಂದು ಅಲ್ಲಿಯವರೆಗೆ ಬಹುಮಂದಿ ವೈದ್ಯರು ನಂಬಿದ್ದರು. ಹಾಗೇನಿಲ್ಲ, ಕೆಲವರು ಗಂಟೆಗಟ್ಟಲೆ, ದಿನಗಟ್ಟಲೆ ಬದುಕುತ್ತಾರೆ, ಕೆಲವರು ಗುಣವೂ ಆಗುತ್ತಾರೆ ಎಂದು ಆ ವರ್ಷ ಷಿಕಾಗೋದ ಜೇಮ್ಸ್ ಹೆರಿಕ್ ಬರೆದರು. ಅವರ ರೋಗಿಗೆ ಐವತ್ತೈದು ವರ್ಷ. ಹೊಟ್ಟೆತುಂಬ ಉಂಡು ಒಂದು ಗಂಟೆಗೆ ನೋವು ಬಂತು, ವಾಂತಿಯಾಯಿತು. ತಿಂದದ್ದು ಒಗ್ಗಲಿಲ್ಲ ಎಂದೇ ಆತ ತಿಳಿದಿದ್ದ. ೫೨ ಗಂಟೆ ಬದುಕಿದ್ದು ತೀರಿಕೊಂಡ. ೧೯೫೫ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ನಡುರಾತ್ರಿ ಎದೆನೋವು ಬಂದಾಗಲೂ ಮೊದಲು ಪತ್ರಿಕೆಗಳಿಗೆ ಹೇಳಿದ್ದು ಅಜೀರ್ಣವೆಂದು. ಹಿಂದಿನ ದಿನ ಈರುಳ್ಳಿ ಹಾಕಿದ ಹ್ಯಾಂಬರ್ಗರ್ ತಿಂದಿದ್ದರು. ಮರುದಿನ ಮಧ್ಯಾಹ್ನ ಇಸಿಜಿ ತೆಗೆದ ಮೇಲೆ ಅದು ಹೃದಯಾಘಾತವೆಂದು ತಿಳಿಯಿತು. ಇದನ್ನು ಓದಿದ ರಾತ್ರಿ ನನಗೆ ದೊಡ್ಡಮ್ಮನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಅಮೆರಿಕದ ಅಧ್ಯಕ್ಷರಿಗೆ ಈರುಳ್ಳಿಯಾದರೆ ನಮ್ಮವ್ವನಿಗೆ ಅವರೆಕಾಳು.

ಯಾಕೆ ಹೀಗೆ ಎಲ್ಲ ಕಡೆಯೂ ಹೊಟ್ಟೆಯ ಮೇಲೆಯೇ ಗುಮಾನಿ? ಹೃದಯ, ಅನ್ನನಾಳ, ಜಠರದ ಮೇಲ್ಭಾಗ ಇವುಗಳ ನೋವಿನ ಸುದ್ದಿಯನ್ನು ಹೊತ್ತೊಯ್ಯುವ ನರಗಳ ಹಾದಿಗಳು ಬೆನ್ನುಹುರಿಯಲ್ಲಿ ಹತ್ತಿರಹತ್ತಿರ ಸೇರುತ್ತವೆ. ಮಿದುಳಿಗೆ ನೋವು ತಿಳಿಯುತ್ತದೆ, ಎಲ್ಲಿಂದ ಬಂತೆಂಬುದು ಸರಿಯಾಗಿ ತಿಳಿಯುವುದಿಲ್ಲ. ಹೃದಯದ ನೋವು ದವಡೆಯಲ್ಲಿ, ಎಡತೋಳಿನಲ್ಲಿ, ಬೆನ್ನಿನಲ್ಲಿ, ಹೊಟ್ಟೆಯ ಬಾಯಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ತೇಗು ಬಂದು ಹಗುರವೆನಿಸಿದರೂ ಅದು ಹೃದಯದ್ದಲ್ಲವೆಂದು ಹೇಳಲಾಗದು. ಅವ್ವನ ಆ ತೇಗು ನಮ್ಮ ಒಂದು ರಾತ್ರಿಯನ್ನು ಕಳೆಯಿತು.

ಗುರುತಿಸುವ ದಾರಿ ಸಿಕ್ಕಿದ್ದು ಐಂತೋವನ್ ಎಂಬ ಡಚ್ ವಿಜ್ಞಾನಿಯಿಂದ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ. ಆಗಿನ ಇಸಿಜಿ ಯಂತ್ರ ೨೭೦ ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ತೊಟ್ಟಿಗಳಲ್ಲಿ ಅದ್ದಿ ಕೂರಬೇಕಿತ್ತು. ೧೯೨೪ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಅದೇ ಕೆಲಸ ಮಾಡುವ ಪೆಟ್ಟಿಗೆಯನ್ನು ದಾದಿಯೊಬ್ಬಳು ಕಂಕುಳಲ್ಲಿ ಹಿಡಿದು ಬರುತ್ತಾಳೆ.

ಗುರುತಿಸಿ ಮಾಡುವುದೇನು? ಬಹಳ ಕಾಲ ವಾರಗಟ್ಟಲೆ ಮಲಗಿಸಿಡುವುದೇ ಚಿಕಿತ್ಸೆಯಾಗಿತ್ತು. ೧೯೮೬ರಲ್ಲಿ ಇಟಲಿಯ ವೈದ್ಯರು ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸ್ಟ್ರೆಪ್ಟೊಕೈನೇಸ್ ಎಂಬ ಮದ್ದನ್ನು ಮೊದಲ ಗಂಟೆಯೊಳಗೆ ಕೊಟ್ಟವರಲ್ಲಿ ಸಾವು ಸುಮಾರು ಅರ್ಧಕ್ಕಿಳಿದಿತ್ತು. ತಡವಾದಷ್ಟೂ ಲಾಭ ಕಡಿಮೆ. ೧೯೮೮ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನ, ಬರಿಯ ಆಸ್ಪಿರಿನ್ ಮಾತ್ರೆಯೂ ಆ ಹೊತ್ತಿನಲ್ಲಿ ಪ್ರಾಣ ಉಳಿಸುತ್ತದೆಂದು ತೋರಿಸಿತು. ೧೯೮೬, ೧೯೮೮. ನಡುವೆ ೧೯೮೭ರ ಜನವರಿ. ಆ ಮದ್ದು ನಮ್ಮ ಊರಿಗೆ ಬಂದಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬಹುದು. ಆದರೆ ಏಣಿಯ ನೋವು ಅದಕ್ಕೂ ವಾರಗಳ ಮೊದಲೇ ಬಂದಿತ್ತು. ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಆಗಲೇ ಇತ್ತು. ನಾವು ಆ ದಿಕ್ಕಿಗೆ ಯೋಚಿಸಲೇ ಇಲ್ಲ, ಹಲ್ಲುನೋವಿಗೆ ಯಾರು ಬೆಂಗಳೂರಿಗೆ ಹೋಗುತ್ತಾರೆ?

ಹೆಂಗಸರ ಸಂಗತಿಗೆ ಬರುತ್ತೇನೆ. ದಿನ ಬಿಟ್ಟು ದಿನ ಆಸ್ಪಿರಿನ್ ತಿಂದರೆ ಹೃದಯಾಘಾತ ತಪ್ಪೀತೇ ಎಂದು ಅಮೆರಿಕದಲ್ಲಿ ನಡೆಸಿ ೧೯೮೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೨೨,೦೭೧ ವೈದ್ಯರಿದ್ದರು. ಅವರಲ್ಲಿ ಹೆಂಗಸರು ಎಷ್ಟು ಗೊತ್ತೆ? ಸೊನ್ನೆ. ಹೆಬರ್ಡನ್ನನ ಕಾಲಕ್ಕೆ ಮೂವರಾದರೂ ಇದ್ದರು! ೧೯೯೧ರಲ್ಲಿ ಬರ್ನಡೀನ್ ಹೀಲಿ ಎಂಬ ಹೃದಯತಜ್ಞೆ ಈ ಅನ್ಯಾಯವನ್ನು ಬಾಯಿಬಿಟ್ಟು ಹೇಳಿದರು. ಅದೇ ವರ್ಷ ಅವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿಯಾದರು. ತನಗೆ ಗಂಡಸಿನಂಥದ್ದೇ ಹೃದ್ರೋಗವಿದೆಯೆಂದು ಹೆಂಗಸು ಸಾಬೀತು ಮಾಡುವವರೆಗೆ ಅವಳಿಗೆ ಗಂಡಸಿಗೆ ಸಿಗುವ ಚಿಕಿತ್ಸೆ ಸಿಗುತ್ತಿಲ್ಲ ಎಂಬುದು ಅವರ ದೂರು. ಓದಲಿಕ್ಕಾಗಿ ಗಂಡುವೇಷ ತೊಟ್ಟ ಕಥೆಯ ಹುಡುಗಿ ಯೆಂಟಲ್‌ಳ ಹೆಸರನ್ನು ಅವರು ಇದಕ್ಕೆ ಇಟ್ಟರು. ಹೆಂಗಸರಲ್ಲಿಯೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಅದರ ಜೊತೆ ಉಸಿರುಕಟ್ಟುವುದು, ವಾಕರಿಕೆ, ಬೆನ್ನು ಅಥವಾ ದವಡೆ ಸೆಳೆತ, ಕಾರಣವಿಲ್ಲದ ವಿಪರೀತ ಸುಸ್ತು ಗಂಡಸರಿಗಿಂತ ಹೆಚ್ಚಾಗಿ ಸೇರಿಕೊಳ್ಳುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ನೋವು ಮಂಕಾಗಿ ಬರಿಯ ಸುಸ್ತು, ಬೆವರು ಉಳಿಯಬಹುದು. ಇಂಥದ್ದನ್ನು "ಮಾಮೂಲಿನಂಥ ಎದೆನೋವಲ್ಲ" ಎಂದು ಪಕ್ಕಕ್ಕಿಡುವ ಪದವನ್ನೇ ಬಿಟ್ಟುಬಿಡಿ ಎಂದು ಅಮೆರಿಕದ ಹೃದಯತಜ್ಞರ ಸಂಘಗಳು ತಮ್ಮವರಿಗೆ ಸೂಚಿಸಿದ್ದು ೨೦೨೧ರ ಅಕ್ಟೋಬರಿನಲ್ಲಿ. ಮಾಮೂಲು ಎಂದರೆ ಯಾರ ಮಾಮೂಲು ಎಂದು ಕೇಳಲು ಇನ್ನೂರೈವತ್ತು ವರ್ಷ ಬೇಕಾಯಿತು.

ಹಾಗೆಂದು ಪ್ರತಿ ಎದೆನೋವೂ ಹೃದಯದ್ದಲ್ಲ. ನಮ್ಮ ಬೀದಿಯಲ್ಲೇ ನಾನು ಕಂಡವು ಬಗೆಬಗೆಯವು. ನಮ್ಮ ತೋಟದಲ್ಲಿ ಕಾಯಿ ಸುಲಿಯಲು ಬರುವವನು ಇಡೀ ದಿನ ಬಗ್ಗಿ ಸುಲಿದು ಎದೆ ಹಿಡಿದುಕೊಂಡು ಬಂದ. ಬೆರಳಿಟ್ಟು ತೋರಿಸುವಂಥ ಒಂದು ಜಾಗ, ಒತ್ತಿದರೆ ಅಲ್ಲೇ ನೋವು, ಮೈ ತಿರುಗಿಸಿದರೆ ಹೆಚ್ಚು. ಅದು ಪಕ್ಕೆಲುಬಿನ ಸಂದಿನ, ಮಾಂಸಖಂಡದ ನೋವು. ಎದೆನೋವುಗಳಲ್ಲಿ ತುಂಬ ಸಾಮಾನ್ಯವಾದದ್ದು, ಪ್ರಾಣಾಪಾಯದ್ದಲ್ಲ. ನಮ್ಮ ಅತ್ತೆಯವರಿಗೆ ಒಮ್ಮೆ ಎಡಮೊಲೆಯ ಕೆಳಗಿನಿಂದ ಬೆನ್ನಿನವರೆಗೆ ಉರಿಯುವ ನೋವು. ಹೃದಯವೆಂದೇ ಹೆದರಿದೆವು. ಇಸಿಜಿಯಲ್ಲಿ ಏನೂ ಇಲ್ಲ. ಮೂರನೆಯ ದಿನ ಸಾಲಾಗಿ ಗುಳ್ಳೆ ಎದ್ದವು, ಸರ್ಪಸುತ್ತು! ಕೆಮ್ಮಣ್ಣು ಹಚ್ಚಲು ಜನ ಬಂದರು. ವೈದ್ಯರು ಮಾತ್ರೆ ಕೊಟ್ಟು, ಗುಳ್ಳೆ ಎದ್ದ ಮೂರು ದಿನದೊಳಗೆ ಶುರುಮಾಡಿದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ ಎಂದರು. ಪಕ್ಕದ ಮನೆಯ ಹುಡುಗಿ ಪರೀಕ್ಷೆಯ ದಿನ ಎದೆ ಬಡಿದುಕೊಂಡು, ಕೈಕಾಲು ಜೋಮು ಹಿಡಿದು, ಸತ್ತೇಹೋಗುತ್ತೇನೆ ಎಂದು ಕೂಗಿದಳು. ಅದು ಭಯದ ಆಕ್ರಮಣ. ನಾಟಕವಲ್ಲ, ನಿಜವಾದ ಯಾತನೆಯೇ. ಆದರೆ ಹೃದಯದ್ದಲ್ಲವೆಂದು ಖಾತ್ರಿಯಾದ ಮೇಲೆ ಹೇಳಬೇಕಾದ ಮಾತು ಅದು. ಹೆಂಗಸರಿಗೆ ಮೊದಲೇ ಹೇಳಿಬಿಡುತ್ತಾರೆ: "ಎಲ್ಲಾ ಮನಸ್ಸಿಗೆ ಹಚ್ಕೊಂಡಿದ್ದು."

ಹುಳಿತೇಗಿನ ಜೊತೆ, ಮಲಗಿದರೆ ಬಗ್ಗಿದರೆ ಹೆಚ್ಚಾಗುವ ಎದೆಯುರಿ ಜಠರದ ಆಮ್ಲದ್ದು. ಬೀಗರೂಟದ ಮೇಲೆ ಬಲಪಕ್ಕೆಯ ಕೆಳಗೆದ್ದು ಭುಜಕ್ಕೆ ಹೊಡೆಯುವುದು ಪಿತ್ತಕೋಶದ ಕಲ್ಲಿನದಿರಬಹುದು. ಉಸಿರೆಳೆದಾಗ, ಕೆಮ್ಮಿದಾಗ ಚುಚ್ಚಿದರೆ, ಜ್ವರವೂ ಇದ್ದರೆ, ಶ್ವಾಸಕೋಶದ ಸೋಂಕು ಅಥವಾ ಅದರ ಪೊರೆಯ ಬಾವು. ಇವೂ ವೈದ್ಯರಿಗೆ ತೋರಿಸಬೇಕಾದವೇ, ಆದರೆ ಗಡಿಯಾರ ನೋಡಿಕೊಂಡು ಓಡುವಂಥವಲ್ಲ.

ಓಡಬೇಕಾದವು ಹೃದಯದ್ದಲ್ಲದೆ ಇನ್ನೂ ಕೆಲವಿವೆ, ಅವನ್ನು ಹೇಳುವವರು ಕಡಿಮೆ. ಬಾಣಂತಿಯರಿಗೆ, ಶಸ್ತ್ರಚಿಕಿತ್ಸೆಯಾಗಿ ಮಲಗಿದವರಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದುಂಟು. ಒಂದು ಕಾಲು ಊದಿ, ಇದ್ದಕ್ಕಿದ್ದಂತೆ ಎದೆ ಚುಚ್ಚಿ ಉಸಿರು ಸಿಗದಂತಾದರೆ ಬಾಣಂತಿಗೆ ಶೀತವಾಯಿತೆಂದು ಬೆಚ್ಚಗೆ ಹೊದಿಸಿ ಕೂರಬಾರದು. ರಕ್ತದೊತ್ತಡ ಹೆಚ್ಚಿರುವವರಿಗೆ ಒಮ್ಮೆಲೇ ಬೆನ್ನು ಸೀಳಿದಂಥ ನೋವು ಬಂದರೆ ಮಹಾಧಮನಿಯ ಒಳಪದರ ಹರಿದಿರಬಹುದು. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡು ಅದು ಕುಗ್ಗುವುದೂ ಉಂಟು. ಮೂರೂ ಅಪರೂಪ, ಮೂರೂ ಘೋರ.

ಹೃದಯದ್ದಾದರೆ? ಒತ್ತುವ, ಹಿಂಡುವ, ಬಿಗಿಯುವ ನೋವು. ಬೆರಳಿನಿಂದ ತೋರಿಸಲಾಗದೆ ಅಂಗೈಯನ್ನೇ ಎದೆಗೆ ಇಟ್ಟು ತೋರಿಸುವಂಥದ್ದು. ಶ್ರಮಪಟ್ಟಾಗ ಬಂದು ನಿಂತರೆ ಹೋಗುವುದು ನಾಳ ಕಿರಿದಾಗಿದೆ ಎಂಬ ಎಚ್ಚರಿಕೆ. ಕುಳಿತಿದ್ದಾಗಲೇ ಬಂದು, ಹದಿನೈದು ಇಪ್ಪತ್ತು ನಿಮಿಷವಾದರೂ ಹೋಗದೆ, ತಣ್ಣನೆಯ ಬೆವರು, ವಾಂತಿ, ಉಬ್ಬಸ ಜೊತೆಗೂಡಿದರೆ ನಾಳ ಕಟ್ಟಿಕೊಂಡಿರಬಹುದು. ಹದಿನೈದು ನಿಮಿಷ ಎಂದೆನೆಂದು ಕಾಯುತ್ತ ಕೂರಬೇಡಿ, ಬೆವರು ಕಂಡ ಕೂಡಲೇ ಹೊರಡಿ. ನಮ್ಮ ತೋಟಗಳಲ್ಲಿ ಹನಿನೀರಾವರಿಯ ಪೈಪು ಕಟ್ಟಿದರೆ ಮರಕ್ಕೆ ವಾರಗಳ ಅವಕಾಶವಿದೆ. ಹೃದಯದ ಸ್ನಾಯುವಿಗೆ ಇರುವುದು ಕೆಲವೇ ಗಂಟೆ.

ನನ್ನ ಸರದಿಯೂ ಬಂತು. ತಿಪಟೂರಿನ ಆ ಹೆಂಗಸಿನ ಮಾತು ಕೇಳಿದ ಎರಡು ವಾರಕ್ಕೆ ರಾತ್ರಿ ನನಗೆ ಎದೆಯುರಿ. ಐವತ್ತೇಳು ವಯಸ್ಸು, ರಕ್ತದೊತ್ತಡದ ಮಾತ್ರೆ ತಿನ್ನುವವಳು, ತಾಯಿ ಹೀಗೆ ಹೋದವಳು. ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋದೆ. ಹಾಸನದ ಭಯದಿಂದ ಬಂದವರೇ ಅಲ್ಲಿ ಹತ್ತು ಜನ ಕುಳಿತಿದ್ದರು. ಇಸಿಜಿ ಸರಿಯಾಗಿತ್ತು. ಆದರೂ ಕೂರಿಸಿಕೊಂಡು ಮತ್ತೊಮ್ಮೆ ತೆಗೆದರು, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನೂ ಮಾಡಿದರು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಮಾತ್ರ ಅದು ರಕ್ತದಲ್ಲಿ ಏರುತ್ತದಂತೆ, ಏರಲು ಕೆಲವು ಗಂಟೆ ಬೇಕಂತೆ. ಮೊದಲ ಇಸಿಜಿ ಸರಿಯಿದೆಯೆಂದು ಎದ್ದುಬರಬಾರದು ಎಂಬುದು ನನಗೆ ಅಂದು ತಿಳಿದದ್ದು. ಕೊನೆಗೆ ಅದು ಆಮ್ಲದ ಉರಿ ಎಂದಾಯಿತು. ಬೆಳಗಿನ ಜಾವ ಮನೆಗೆ ಹೊರಡುವಾಗ ನಾಚಿಕೆಯಿಂದ, "ಸುಮ್ಮನೆ ತೊಂದರೆ ಕೊಟ್ಟೆ ಡಾಕ್ಟ್ರೇ" ಎಂದೆ. ನನ್ನ ಮಗನ ವಯಸ್ಸಿನ ಆ ವೈದ್ಯ, "ಏನೂ ಇಲ್ಲ ಅಂತ ತಿಳಿಯೋಕೇ ಮೇಡಂ ಇದೆಲ್ಲ ಮಾಡೋದು" ಎಂದ.

ಹಾಸನದ ಗಲಿಬಿಲಿಯೂ ಅದೇ ಜುಲೈಯಲ್ಲಿ ಒಂದು ಹದಕ್ಕೆ ಬಂತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ೨೪ ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ ನಾಲ್ಕು ಹೃದಯದ್ದೇ ಅಲ್ಲವೆಂದೂ, ಒಟ್ಟಾರೆ ಗಾಬರಿಪಡುವಂಥ ಏರಿಕೆ ಇಲ್ಲವೆಂದೂ ವರದಿ ಕೊಟ್ಟಿತು. ಸಿಕ್ಕಿದ್ದು ಹಳೆಯ ಶತ್ರುಗಳೇ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಮದ್ಯ, ಬೊಜ್ಜು, ವಂಶದ ಗುಣ. ೨೦೨೧ರ ಅಕ್ಟೋಬರ್ ೨೯ರಂದು ನಲವತ್ತಾರರ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಆಸ್ಪತ್ರೆಗಳ ಮುಂದೆ ಹೀಗೆಯೇ ಜನ ನೆರೆದಿದ್ದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ ಹೇಳುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ, ಹೊರಗೆ ಅದರ ಬೆಲೆ ಹತ್ತಾರು ಸಾವಿರ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಇದು ಇದೆಯೇ ಎಂದು ಚೆನ್ನಾಗಿರುವಾಗಲೇ ಕೇಳಿಟ್ಟುಕೊಳ್ಳಿ. ೨೦೦೮ರಿಂದ ೧೦೮ರ ಆಂಬುಲೆನ್ಸಿದೆ. ಆಸ್ಪಿರಿನ್ ಜಗಿದು ನುಂಗುವುದನ್ನೂ ವೈದ್ಯರು ಹೇಳುತ್ತಾರೆ, ಆದರೆ ಹೊಟ್ಟೆಹುಣ್ಣು, ರಕ್ತಸ್ರಾವ, ಅದು ಒಗ್ಗದ ಮೈ ಇದ್ದವರಿಗೆ ಬೇಡ. ಕರೆಮಾಡಿ ಕೇಳಿಕೊಂಡೇ ಕೊಡಿ. ಮೊದಲು ಗಾಡಿ, ಆಮೇಲೆ ಮಾತ್ರೆ.

ಇನ್ನು ಕೊಬ್ಬರಿ. ಈ ಸೀಮೆಯವಳು ಹೃದಯದ ಬಗ್ಗೆ ಬರೆದು ಕೊಬ್ಬರಿಯ ಮಾತೆತ್ತದಿದ್ದರೆ ನೀವು ಬಿಡುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿ ಗಟ್ಟಿ ಕೊಬ್ಬೇ ಇದೆ, ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಇದು ನಮ್ಮ ಮಂಡಿಯವರಿಗೆ ಹಿಡಿಸದಿದ್ದರೂ ನಿಜ. ಆದರೆ ನಮ್ಮ ಮನೆಗಳಲ್ಲಿ ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಕೊಬ್ಬರಿ ಬರುವುದು ಚಟ್ನಿಗೆ, ಸಾರಿಗೆ. ಹಿಡಿ ತೆಂಗಿನತುರಿಗೆ ಹೆದರಿ, ಬೇಕರಿಯ ಪಫ್ಸಿಗೂ ಮನೆಯವರ ಸಿಗರೇಟಿಗೂ ಹೆದರದಿರುವುದು ನನಗೇಕೋ ಒಪ್ಪುವುದಿಲ್ಲ.

ಕಳೆದ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ, ತುರುವೇಕೆರೆಯಿಂದ ಅಕ್ಕ ಫೋನು ಮಾಡಿದಳು. ಅವಳಿಗೆ ಅರವತ್ತೆರಡು, ಸಕ್ಕರೆ ಕಾಯಿಲೆ ಇದೆ. ಮೊಮ್ಮಗನ ಶಾಲೆಯ ವಿಷಯ, ನಾಯಿ ಮರಿ ಹಾಕಿದ ವಿಷಯ ಎಲ್ಲ ಆದ ಮೇಲೆ, "ರಾತ್ರಿಯಿಂದ ಬೆನ್ನು ಸೆಳೀತಾ ಐತೆ ಕಣೇ, ವಾಕರಿಕೆ. ಗ್ಯಾಸ್ಟ್ರಿಕ್ಕು. ಸೋಡಾ ಕುಡ್ದಿದೀನಿ" ಎಂದಳು. ಎದೆ ನೋವುಂಟೇ ಎಂದರೆ ಇಲ್ಲವೆಂದಳು. ಬೆವರುತ್ತಿದ್ದೀಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಈ ಚಳೀಲೂ" ಎಂದಳು. ನಾನು ಏನು ಹೇಳಿದೆನೋ, ಹೇಗೆ ಕೂಗಿದೆನೋ ನನಗೆ ನೆನಪಿಲ್ಲ. ಭಾವ ಫೋನು ತೆಗೆದುಕೊಂಡು "ಆಯ್ತಮ್ಮ, ಆಯ್ತು, ಹೊರಟ್ವಿ" ಎಂದದ್ದು ನೆನಪಿದೆ.

ಇಸಿಜಿಯಲ್ಲಿ ಸಿಕ್ಕಿತು. ಚುಚ್ಚುಮದ್ದು ಕೊಟ್ಟು ಬೆಂಗಳೂರಿಗೆ ಕಳಿಸಿದರು, ಮರುದಿನ ಸ್ಟೆಂಟ್ ಹಾಕಿದರು. ನಾನು ಹೋಗಿ ನೋಡಿದಾಗ ದಿಂಬಿಗೊರಗಿ ಕುಳಿತು ಇಡ್ಲಿ ತಿನ್ನುತ್ತಿದ್ದಳು. ಅವ್ವನ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ತಟ್ಟೆಯನ್ನು ನನ್ನ ಕಡೆ ತಳ್ಳಿ, "ನೋಡೇ, ಕಾಯಿ ಹಾಕದೆ ಚಟ್ನಿ ಮಾಡವ್ರೆ. ಇವರಿಗೆ ಯಾರು ಹೇಳ್ಕೊಟ್ರೋ" ಎಂದಳು.